ಟಾಪ್ ಸೋರುವ ಕಾರು

ಜೂನ್ ಮೊದಲ ವಾರ. ಕರಾವಳಿಗೆ ಮುಂಗಾರು ಕಾಲಿಟ್ಟು ಎರಡು ದಿನವಾಗಿದೆ. ಬೇಸಿಗೆಯಲ್ಲಿ, ಮದುವೆಗಳ ಓಡಾಟಕ್ಕೆ ಆಗಲೆಂದು ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅಂಗಳದಲ್ಲಿ ನಿಂತಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಒಳದೀಪದ ಸುತ್ತ ಚಹಾ ಚೆಲ್ಲಿದಂಥ ಕಲೆ. ಸೀಟು ಒದ್ದೆ, ಮ್ಯಾಟ್ ಎತ್ತಿದರೆ ಅಡಿಯಲ್ಲಿ ನೀರು. ಬಾಗಿಲ ರಬ್ಬರ್ ಹೋಗಿರಬೇಕು ಎಂದು ಒಬ್ಬರು, ಗಾಜಿನ ಅಂಚಿನಿಂದ ಇಳಿಯುತ್ತಿರಬೇಕು ಎಂದು ಇನ್ನೊಬ್ಬರು. ಕೊನೆಗೆ ಯಾರೋ ಸ್ಟೂಲ್ ತಂದು ಹತ್ತಿ ನೋಡುತ್ತಾರೆ. ಟಾಪಿನ ಮೇಲೆ ಸಾಲಾಗಿ ನಾಲ್ಕು ಕಡೆ ಬಣ್ಣ ಮೆತ್ತಿದ ಗುರುತು. ಒಂದರ ಮೇಲಿನ ಪುಟ್ಟಿ ಹಪ್ಪಳದಂತೆ ಎದ್ದು ಬಂದಿದೆ. ಅದರಡಿಯಲ್ಲಿ ಕಿರುಬೆರಳು ತೂರುವಷ್ಟು ತೂತು.

ಹಳೆ ಕಾರು ಕೊಳ್ಳುವವರು ಎಂಜಿನ್ ಸದ್ದಿಗೆ ಕಿವಿ ಕೊಡುತ್ತಾರೆ, ಟೈರು ನೋಡುತ್ತಾರೆ, ಮೀಟರ್ ತಿರುಗಿಸಿದ್ದಾರೋ ಏನೋ ಎಂದು ಅನುಮಾನಿಸುತ್ತಾರೆ. ಪರಿಚಯದ ಮೆಕ್ಯಾನಿಕ್ಕನ್ನೂ ಕರೆದೊಯ್ಯುತ್ತಾರೆ. ಟಾಪ್ ನೋಡುವವರು ಕಡಿಮೆ, ಏಕೆಂದರೆ ನೆಲದ ಮೇಲೆ ನಿಂತವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಬಿಸಿಲು, ಮಳೆ, ಹಕ್ಕಿಯ ಹಿಕ್ಕೆ, ತೆಂಗಿನಕಾಯಿ ಎಲ್ಲವೂ ಮೊದಲು ಬೀಳುವುದು ಮಾತ್ರ ಅಲ್ಲಿಗೇ.

ಅಲ್ಲಿರುವ ತೂತನ್ನು ಮುಚ್ಚುವುದು ಹತ್ತು ನಿಮಿಷದ ಕೆಲಸ ಎಂದು ತೋರುತ್ತದೆ. ಹಾಗೆ ಹತ್ತು ನಿಮಿಷದಲ್ಲಿ ಮುಚ್ಚಿಸಿಕೊಂಡ ತೂತುಗಳೇ ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಅಂಗೈ ಅಗಲವಾಗಿ ಟಿಂಕರಿಂಗ್ ಶಾಪಿಗೆ ಮರಳುತ್ತವೆ. ಸೋರಿಕೆ ನಿಲ್ಲಿಸುವುದು ಬೇರೆ, ತಗಡು ಉಳಿಸುವುದು ಬೇರೆ. ಆತುರದ ರಿಪೇರಿಯಲ್ಲಿ ಮೊದಲನೆಯದು ಆಗುತ್ತದೆ, ಎರಡನೆಯದು ಕೆಡುತ್ತದೆ.

ಕೊರೆದ ತೂತು, ತಿಂದ ತೂತು

ಟಾಪಿನಲ್ಲಿ ತೂತಾಗುವುದು ಎರಡು ಬಗೆಯಲ್ಲಿ. ಒಂದು, ಮನುಷ್ಯರು ಡ್ರಿಲ್ ಹಿಡಿದು ಕೊರೆದದ್ದು. ಇನ್ನೊಂದು, ತುಕ್ಕು ತಿಂದದ್ದು. ಮೊದಲನೆಯದನ್ನು ಹಾಗೇ ಬಿಟ್ಟರೆ ಅದೇ ಎರಡನೆಯದಾಗುತ್ತದೆ.

ನಮ್ಮ ಕಡೆ ಕೊರೆದ ತೂತುಗಳ ದೊಡ್ಡ ಮೂಲ ಹಳದಿ ಬೋರ್ಡಿನ ಗಾಡಿಗಳು. ಧರ್ಮಸ್ಥಳ, ಸುಬ್ರಹ್ಮಣ್ಯ, ಶಬರಿಮಲೆ ಎಂದು ಟ್ರಿಪ್ ಹೊಡೆಯುವ ಗಾಡಿಗೆ ಮೇಲೊಂದು ಕ್ಯಾರಿಯರ್ ಬೇಕೇ ಬೇಕು. ಸೀಟು ತುಂಬ ಜನ ಕೂತ ಮೇಲೆ ಲಗೇಜು ಹೋಗುವುದು ಟಾಪಿಗೆ. ಕ್ಯಾರಿಯರ್ ಅಲುಗಾಡಬಾರದೆಂದು ಕೆಲವರು ತಗಡಿಗೇ ಬೋಲ್ಟ್ ಹೊಡೆಸುತ್ತಾರೆ. ಯಕ್ಷಗಾನ, ಕಂಬಳ, ಚುನಾವಣೆ ಎಂದು ಊರೂರಿಗೆ ಪ್ರಚಾರ ಹೋಗುವ ಗಾಡಿಗಳಿಗೆ ಮೈಕಿನ ಹಾರ್ನ್ ಕೂರಿಸುವ ಚೌಕಟ್ಟು ಇರುತ್ತದೆ. ರೇಡಿಯೊ ಆಂಟೆನಾ, ಹೆಚ್ಚುವರಿ ಲೈಟು, ‘ಟೂರಿಸ್ಟ್’ ಎಂಬ ಬೋರ್ಡು, ಆಂಬುಲೆನ್ಸ್ ಆಗಿದ್ದರೆ ಸೈರನ್, ಎಲ್ಲಕ್ಕೂ ಒಂದೊಂದು ತೂತು.

ಕೆಲವು ವರ್ಷದ ನಂತರ ಗಾಡಿ ಬಿಳಿ ಬೋರ್ಡಿಗೆ ಬದಲಾಗಿ ಮಾರಾಟಕ್ಕೆ ನಿಲ್ಲುತ್ತದೆ. ಬಾಡಿಗೆಗೆ ಓಡಿದ ಗಾಡಿ ಎಂದು ಗೊತ್ತಾದರೆ ಬೆಲೆ ಇಳಿಯುತ್ತದೆ. ಆದ್ದರಿಂದ ಕ್ಯಾರಿಯರ್ ಬಿಚ್ಚಿ, ತೂತಿಗೆ ಏನಾದರೊಂದು ತುರುಕಿ, ಮೇಲೊಂದು ಸ್ಪ್ರೇ ಹೊಡೆಸುತ್ತಾರೆ. ಮಾರಾಟದ ದಿನ ಎಲ್ಲವೂ ಮಿರಮಿರ ಮಿಂಚುತ್ತಿರುತ್ತದೆ.

ಒಂದೇ ತಗಡಿನ ಚಾವಣಿ

ಕಾರಿನ ಚಾವಣಿ ಮೊದಲಿನಿಂದ ಇಡಿಯಾದ ಉಕ್ಕಿನ ತಗಡಾಗಿರಲಿಲ್ಲ. 1930ರ ದಶಕದ ಆರಂಭದವರೆಗೂ ಅಮೆರಿಕದ ಹೆಚ್ಚಿನ ಕಾರುಗಳ ಟಾಪಿನ ನಡುಭಾಗದಲ್ಲಿ ದೊಡ್ಡದೊಂದು ಕಿಂಡಿ ಇರುತ್ತಿತ್ತು. ಅದಕ್ಕೆ ಮರದ ಪಟ್ಟಿ ಕೊಟ್ಟು, ಮೇಲೆ ರಬ್ಬರು ಅಥವಾ ಅಂಥದೇ ಲೇಪ ಹಾಕಿದ ಬಟ್ಟೆ ಬಿಗಿಯುತ್ತಿದ್ದರು. ಅಷ್ಟು ಅಗಲದ ತಗಡನ್ನು ಎಳೆದು ಕೊಡುವ ಗಿರಣಿಗಳು ಆಗ ಇರಲಿಲ್ಲ. ಬಟ್ಟೆ ಬಿಸಿಲಿಗೆ ಬಿರಿಯುತ್ತಿತ್ತು, ಸೋರುತ್ತಿತ್ತು, ಮತ್ತೆ ಮತ್ತೆ ಲೇಪ ಬಳಿಯಬೇಕಾಗುತ್ತಿತ್ತು. ಜನರಲ್ ಮೋಟರ್ಸ್ ಕಂಪನಿ 1935ರ ಮಾದರಿಗಳಲ್ಲಿ ‘ಟರೆಟ್ ಟಾಪ್’ ಎಂಬ ಹೆಸರಿನಲ್ಲಿ ಇಡೀ ಚಾವಣಿಯನ್ನು ಒಂದೇ ಉಕ್ಕಿನ ತಗಡಿನಲ್ಲಿ ಅಚ್ಚೊತ್ತಿ ತಂದಾಗ ಅದು ಜಾಹೀರಾತಿನಲ್ಲಿ ಎದ್ದು ತೋರಿಸುವಂಥ ಸಂಗತಿಯಾಗಿತ್ತು.

ಆ ಬದಲಾವಣೆಗೆ ಅನಿರೀಕ್ಷಿತ ಪರಿಣಾಮವೊಂದಿತ್ತು. ಬಟ್ಟೆಯ ಟಾಪಿನೊಳಗೆ ರೇಡಿಯೊದ ಆಂಟೆನಾ ತಂತಿಯನ್ನು ಹುದುಗಿಸಿಡಬಹುದಿತ್ತು. ಉಕ್ಕಿನ ತಗಡು ರೇಡಿಯೊ ಅಲೆಗಳನ್ನು ತಡೆಯುತ್ತದೆ. ಹಾಗಾಗಿ ಆಂಟೆನಾ ಹೊರಗೆ ಬರಬೇಕಾಯಿತು. ಸೋರಬಾರದೆಂದು ಇಡಿಯಾಗಿ ಮಾಡಿದ ತಗಡಿಗೆ ತೂತು ಕೊರೆಯುವ ಕಾರಣಗಳೂ ಹೀಗೆ ಶುರುವಾದವು.

ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೆ ಕ್ಯಾರಿಯರ್ ಹಾಕಲು ತೂತು ಬೇಕಿರಲಿಲ್ಲ. ಅವುಗಳ ಟಾಪಿನ ಎರಡೂ ಬದಿಯಲ್ಲಿ, ಬಾಗಿಲ ಮೇಲೆ, ಮಳೆನೀರು ಹರಿದುಹೋಗಲು ಹೊರಚಾಚಿದ ಅಂಚಿತ್ತು. ಕ್ಯಾರಿಯರಿನ ಕಾಲುಗಳು ಆ ಅಂಚನ್ನೇ ಕಚ್ಚಿ ಹಿಡಿಯುತ್ತಿದ್ದವು. ಗಾಳಿಯ ತಡೆ ಕಡಿಮೆಯಾಗಲಿ, ಸದ್ದು ಇಳಿಯಲಿ ಎಂದು 1980ರ ದಶಕದಿಂದೀಚೆಗೆ ತಯಾರಕರು ಆ ಅಂಚನ್ನು ಒಂದೊಂದಾಗಿ ಕೈಬಿಟ್ಟರು. ಅದು ಟಾಪಿನೊಳಗೆ ಸರಿದು ಸಣ್ಣ ಕಾಲುವೆಯಾಯಿತು, ಮೇಲೆ ಕಪ್ಪು ಬೀಡಿಂಗ್ ಬಂದು ಕೂತಿತು. ಕೆಲವು ಮಾದರಿಗಳಲ್ಲಿ ಕ್ಯಾರಿಯರಿಗೆಂದೇ ಕಾಲುವೆಯೊಳಗೆ ಮರೆಯುಳ್ಳ ಬೋಲ್ಟ್ ಜಾಗ ಇರುತ್ತದೆ. ಅದಿಲ್ಲದ ಗಾಡಿಗೆ ಭಾರದ ಕ್ಯಾರಿಯರ್ ಬೇಕೆಂದಾಗ ಕೈ ಹೋಗುವುದು ಡ್ರಿಲ್ಲಿಗೆ.

ಬಣ್ಣದಡಿಯ ಪದರಗಳು

ಟಾಪಿನ ತಗಡು ಸಾಮಾನ್ಯವಾಗಿ 0.7 ಮಿಲಿಮೀಟರ್ ಆಸುಪಾಸಿನ ದಪ್ಪ. ಅದು ಹತ್ತಾರು ವರ್ಷ ಮಳೆ ತಡೆಯುವುದು ತನ್ನ ಬಲದಿಂದಲ್ಲ, ಮೈಮೇಲಿನ ಪದರಗಳಿಂದ. ಕಾರ್ಖಾನೆಯಲ್ಲಿ ಬರಿಯ ಬಾಡಿಯನ್ನು ತೊಳೆದು, ಫಾಸ್ಫೇಟ್ ದ್ರಾವಣ ಹಾಯಿಸಿ, ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ವಿದ್ಯುತ್ ಹರಿಸಿದಾಗ ಪ್ರೈಮರ್ ಒಳಮೂಲೆಗೂ, ಸಂದಿಗೂ ಹೋಗಿ ಅಂಟುತ್ತದೆ. ಆಮೇಲೆ ಸುಮಾರು 170 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಅದರ ಮೇಲೆ ಇನ್ನೊಂದು ಪ್ರೈಮರ್, ಬಣ್ಣ, ಕೊನೆಗೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿದರೂ ದಪ್ಪ 100ರಿಂದ 120 ಮೈಕ್ರಾನ್ ಸುತ್ತಮುತ್ತ, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಹಲವು ಮಾದರಿಗಳಲ್ಲಿ ತಗಡಿಗೇ ಸತುವಿನ ಲೇಪವೂ ಇರುತ್ತದೆ. ಗೀರು ಬಿದ್ದಲ್ಲಿ ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಕಾಯುತ್ತದೆ.

ಗಾಜು, ವೈರಿಂಗ್, ಪ್ಲಾಸ್ಟಿಕ್ ಎಲ್ಲ ಕೂತ ಮೇಲೆ ಆ ತೊಟ್ಟಿಯೂ ಇಲ್ಲ, ಆ ಒಲೆಯೂ ಇಲ್ಲ. ಡ್ರಿಲ್ ಬಿಟ್ ಒಂದು ಸಲ ತಿರುಗಿದರೆ ಈ ಎಲ್ಲ ಪದರಗಳೂ ಆ ಜಾಗದಲ್ಲಿ ಹೋದವು. ತೂತಿನ ಅಂಚಿನಲ್ಲಿ ಬೆತ್ತಲೆ ಉಕ್ಕು. ನೀರು ಮತ್ತು ಗಾಳಿ ಸೇರಿದರೆ ತುಕ್ಕು. ಕರಾವಳಿಯಲ್ಲಿ ಉಪ್ಪಿನ ಗಾಳಿಯೂ ಇದೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುವುದರಿಂದ ತುಕ್ಕಿನ ವೇಗ ಏರುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಒಂದು ಮೀಟರಿನ ಹತ್ತಿರ. ಮಂಗಳೂರು, ಉಡುಪಿ ಕಡೆ ನಾಲ್ಕು ಮೀಟರಿನ ಹತ್ತಿರ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಂಗಳೂರಿನಲ್ಲಿ ಎಷ್ಟೋ ವರ್ಷ ಸುಮ್ಮನಿದ್ದ ತೂತು ಘಟ್ಟ ಇಳಿದ ಮೊದಲ ವರ್ಷವೇ ಬಾಯಿ ಬಿಡಲು ಇದೇ ಕಾರಣ.

ತುಕ್ಕಿಗೆ ಇನ್ನೊಂದು ಗುಣವಿದೆ. ಅದು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಹೀಗೆ ಉಬ್ಬಿ ಸುತ್ತಲಿನ ಬಣ್ಣವನ್ನು ಒಳಗಿನಿಂದ ಎಬ್ಬಿಸುತ್ತದೆ, ಎದ್ದ ಬಣ್ಣದಡಿಗೆ ಮತ್ತೆ ನೀರು ನುಗ್ಗುತ್ತದೆ. ಬಣ್ಣದ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೆ ಕೆಳಗೆ ನಾಣ್ಯದಗಲ ಹಾಳಾಗಿರುವುದು ಅಪರೂಪವೇನಲ್ಲ.

ನೀರು ಬೀಳುವುದು ಒಂದು ಕಡೆ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತು: ಒಡೆದ ಹೆಂಚು ಒಂದು ಕಡೆ, ಪಾತ್ರೆ ಇಡುವುದು ಇನ್ನೊಂದು ಕಡೆ. ಕಾರಿನಲ್ಲೂ ಹಾಗೆಯೇ. ತೂತಿನಿಂದ ಇಳಿದ ನೀರು ಟಾಪಿನ ಅಡ್ಡಪಟ್ಟಿಗಳ ಗುಂಟ ಓಡಿ, ಒಳಚಾವಣಿಯ ಹಿಂದೆ ಸರಿದು, ಬಾಗಿಲ ಪಕ್ಕದ ಕಂಬದೊಳಗೆ ಇಳಿದು ಕಾಲಬುಡಕ್ಕೆ ಬರುತ್ತದೆ. ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಡಿಕ್ಕಿಗೂ ಹೋಗಬಹುದು. ಬಾಗಿಲ ರಬ್ಬರ್ ಎರಡು ಸಲ ಬದಲಿಸಿದರೂ ಸೋರಿಕೆ ನಿಲ್ಲದವರ ಕತೆ ಸಾಮಾನ್ಯವಾಗಿ ಇಂಥದ್ದು.

ಸೀಟು ಒದ್ದೆಯಾಗುವುದು ಸಣ್ಣ ತೊಂದರೆ. ಕಾರ್ಪೆಟಿನಡಿಯ ದಪ್ಪ ಸ್ಪಂಜು ಒಮ್ಮೆ ನೀರು ಕುಡಿದರೆ ಮಳೆಗಾಲ ಮುಗಿಯುವವರೆಗೆ ಒಣಗುವುದಿಲ್ಲ. ಅಲ್ಲೇ ವೈರಿಂಗಿನ ಜಡೆಗಳು, ಅವುಗಳ ಕನೆಕ್ಟರುಗಳು. ಕೆಲವು ಗಾಡಿಗಳಲ್ಲಿ ಸೀಟಿನಡಿಯಲ್ಲೋ ಪಕ್ಕದಲ್ಲೋ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆಯೂ ಇರುತ್ತದೆ. ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದ ಮೇಲೆ ಸೆಂಟ್ರಲ್ ಲಾಕ್ ತಾನೇ ಬಡಿದುಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಕಾರಣವಿಲ್ಲದೆ ದೀಪ ಉರಿಯುತ್ತದೆ. ಅದರ ಮೂಲ ಟಾಪಿನಲ್ಲಿದೆ ಎಂದು ಎಲೆಕ್ಟ್ರಿಷಿಯನ್‌ಗೆ ತಟ್ಟನೆ ಹೊಳೆಯುವುದಿಲ್ಲ.

ಆತುರಕ್ಕೆ ಮೆತ್ತುವ ಮೂರು

‘ಅಣ್ಣಾ, ಸದ್ಯಕ್ಕೆ ನೀರು ನಿಂತ್ರೆ ಸಾಕು, ಆಮೇಲೆ ನೋಡುವ’ ಎನ್ನುತ್ತಾರೆ ಗಿರಾಕಿಗಳು. ಮಳೆ ಹೊಡೆಯುತ್ತಿರುವಾಗ ಆ ಮಾತು ತಪ್ಪೂ ಅಲ್ಲ. ಆದರೆ ಏನು ಮೆತ್ತುತ್ತಾರೆ ಎಂಬುದರ ಮೇಲೆ ‘ಆಮೇಲೆ’ ಏನು ಉಳಿಯುತ್ತದೆ ಎಂಬುದು ನಿಂತಿದೆ.

ಬಚ್ಚಲುಮನೆಯ ಸಂದಿಗೆ ಹಾಕುವ ಸಿಲಿಕಾನ್ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅದರ ಸಾಮಾನ್ಯ ಬಗೆ ಗಟ್ಟಿಯಾಗುವಾಗ ವಿನೆಗರ್ ವಾಸನೆ ಹೊಡೆಯುತ್ತದೆ, ಏಕೆಂದರೆ ಅದರಿಂದ ಹೊರಬರುವುದು ಅಸಿಟಿಕ್ ಆಮ್ಲ. ಬೆತ್ತಲೆ ಉಕ್ಕಿನ ಮೇಲೆ ಆಮ್ಲ ಬಿದ್ದರೆ ತುಕ್ಕಿಗೆ ನಾವೇ ಕರೆ ಕೊಟ್ಟಂತೆ. ಅದಕ್ಕಿಂತ ದೊಡ್ಡ ಕಾಟ ಮುಂದೆ ಬರುತ್ತದೆ. ಸಿಲಿಕಾನ್ ಮುಟ್ಟಿದ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ. ಪೇಂಟ್ ಹೊಡೆದ ಕೂಡಲೇ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಪೇಂಟರುಗಳು ಸಿಲಿಕಾನ್ ಕಂಡರೆ ಮುಖ ಸಿಂಡರಿಸುವುದು ಇದಕ್ಕೇ.

ಎಂ-ಸೀಲ್ ಕಲಸಿ ಒತ್ತುವುದು ಇನ್ನೊಂದು ಅಭ್ಯಾಸ. ಅದು ಕಲ್ಲಿನಂತೆ ಗಟ್ಟಿ. ಮಧ್ಯಾಹ್ನದ ಬಿಸಿಲಿಗೆ ಟಾಪಿನ ತಗಡು ಕೈ ಇಡಲಾಗದಷ್ಟು ಕಾದು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ, ಕೆಟ್ಟ ರಸ್ತೆಯಲ್ಲಿ ಅದುರುತ್ತದೆ. ಗಟ್ಟಿ ಮುದ್ದೆ ತಗಡಿನ ಜೊತೆ ಹಿಗ್ಗಿ ಕುಗ್ಗುವುದಿಲ್ಲ. ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ಸಾಕು.

ಮೂರನೆಯದು ಪುಟ್ಟಿ. ಇಂದು ಟಿಂಕರಿಂಗ್ ಶಾಪುಗಳಲ್ಲಿ ಬಳಸುವ ಪಾಲಿಯೆಸ್ಟರ್ ಪುಟ್ಟಿಯ ವಂಶದ ಹೆಸರಾಂತ ಮೂಲವೊಂದು ಅಮೆರಿಕದ ಮಯಾಮಿಯಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ದುಡಿದು ಬಂದು ಗ್ಯಾರೇಜ್ ನಡೆಸುತ್ತಿದ್ದ ರಾಬರ್ಟ್ ಮೆರ್ಟನ್ ಸ್ಪಿಂಕ್ 1955ರಲ್ಲಿ ‘ಬಾಂಡೊ’ ಎಂಬ ಪುಟ್ಟಿ ತಯಾರಿಸಿದರು. ಅದಕ್ಕೂ ಮುಂಚೆ ತಗಡಿನ ತಗ್ಗು ತುಂಬಲು ಸೀಸ ಮತ್ತು ತವರದ ಮಿಶ್ರಣವನ್ನು ಕಾಯಿಸಿ ಮೆತ್ತುತ್ತಿದ್ದರು. ಆ ಹೊಗೆ, ಆ ಧೂಳು ಎರಡೂ ವಿಷ. ಪುಟ್ಟಿ ಬಂದದ್ದು ಕುಶಲಕರ್ಮಿಗಳ ಶ್ವಾಸಕೋಶಕ್ಕೆ ದೊಡ್ಡ ಉಪಕಾರ.

ಪುಟ್ಟಿ ಇರುವುದು ತಗ್ಗು ತುಂಬಲು, ತೂತು ಮುಚ್ಚಲು ಅಲ್ಲ. ಅದರಲ್ಲಿ ರಾಳದ ಜೊತೆ ಸಾಕಷ್ಟು ಟಾಲ್ಕ್ ಪುಡಿ ಇರುತ್ತದೆ, ಅದು ತೇವ ಹೀರುತ್ತದೆ. ಮೇಲಿನಿಂದ ಬಣ್ಣ ಕಾಯುತ್ತದೆ, ಸರಿ. ತೂತಿನ ಮೇಲೆ ಮೆತ್ತಿದ ಪುಟ್ಟಿಗೆ ಕೆಳಗಿನಿಂದ ರಕ್ಷಣೆ ಏನೂ ಇಲ್ಲ. ಬೆಳಗಿನ ಜಾವದ ಇಬ್ಬನಿ ತಗಡಿನ ಒಳಮೈಗೆ ಕಟ್ಟಿಕೊಂಡರೂ ಪುಟ್ಟಿ ಅದನ್ನು ಕುಡಿಯುತ್ತದೆ, ಕುಡಿದು ತಗಡಿಗೆ ದಾಟಿಸುತ್ತದೆ. ಮಾರಾಟಕ್ಕೆಂದು ಅಲಂಕಾರ ಮಾಡಿದ ಗಾಡಿಗಳಲ್ಲಿ ಹೆಚ್ಚು ಕಾಣುವುದು ಇದೇ, ಹೆಚ್ಚು ಹಾಳು ಮಾಡುವುದೂ ಇದೇ.

ಮಳೆಯ ನಡುವೆ ತಾತ್ಕಾಲಿಕವಾಗಿ ಮುಚ್ಚಲೇಬೇಕಾದರೆ ಬ್ಯೂಟೈಲ್ ಟೇಪ್ ಮೇಲು. ಒರೆಸಿ ಒಣಗಿಸಿದ ತಗಡಿಗೆ ಅದು ಮೆತ್ತಗೆ ಅಂಟಿಕೊಳ್ಳುತ್ತದೆ, ತಗಡಿನ ಜೊತೆ ಹಿಗ್ಗುತ್ತದೆ, ಮಳೆ ನಿಂತ ಮೇಲೆ ಕಿತ್ತು ಸೀಮೆಎಣ್ಣೆಯಲ್ಲೋ ಥಿನ್ನರಿನಲ್ಲೋ ಒರೆಸಿದರೆ ಅಂಟು ಹೋಗುತ್ತದೆ.

ಟಿಂಕರ್ ಮೇಸ್ತ್ರಿಯ ಕೈಯಲ್ಲಿ

ಸರಿಯಾದ ಕೆಲಸ ಶುರುವಾಗುವುದು ಟಾಪಿನ ಮೇಲಲ್ಲ, ಕೆಳಗೆ. ಒಳಚಾವಣಿ ಇಳಿಸಬೇಕು. ಸನ್ ವೈಸರ್, ಕೈಹಿಡಿಕೆಗಳು, ಒಳದೀಪ, ಕಂಬಗಳ ಪ್ಲಾಸ್ಟಿಕ್ ಹೊದಿಕೆ, ಬಾಗಿಲ ಸುತ್ತಿನ ರಬ್ಬರ್ ಎಲ್ಲ ಬಿಚ್ಚಿದ ಮೇಲೆ ಅದು ಒಂದೇ ತುಂಡಾಗಿ ಕೆಳಗಿಳಿಯುತ್ತದೆ. ಒತ್ತಿದ ನಾರಿನ ಹಲಗೆಯಾದ್ದರಿಂದ ಮಡಚಿದರೆ ಮುರಿಯುತ್ತದೆ, ಓರೆ ಮಾಡಿ ಡಿಕ್ಕಿಯ ಬಾಗಿಲಿಂದಲೋ ಮುಂಬಾಗಿಲಿಂದಲೋ ಹೊರತೆಗೆಯಬೇಕು. ಈಚಿನ ಕಾರುಗಳಲ್ಲಿ ಟಾಪಿನ ಎರಡೂ ಅಂಚಿಗೆ ಕರ್ಟನ್ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಆಮೇಲಷ್ಟೇ ಅತ್ತ ಕೈ ಹಾಕುವುದು. ಒಳಚಾವಣಿ ಇಳಿಸದೆ ವೆಲ್ಡಿಂಗ್ ಮಾಡುತ್ತೇನೆ ಎನ್ನುವವರ ಕೈಗೆ ಗಾಡಿ ಕೊಡಬಾರದು. ಬಟ್ಟೆಗೂ ಸ್ಪಂಜಿಗೂ ಬೆಂಕಿ ಹತ್ತಲು ಒಂದು ಕಿಡಿ ಸಾಕು.

ಆಮೇಲೆ ಹಳೆಯದೆಲ್ಲವನ್ನೂ ತೆಗೆಯುವುದು. ಪುಟ್ಟಿ, ಎಂ-ಸೀಲ್, ಬಣ್ಣ, ತುಕ್ಕು. ಗ್ರೈಂಡರ್ ಚಕ್ರ ತಗಡನ್ನೇ ತೆಳುವಾಗಿಸುವುದರಿಂದ ಅನುಭವಿಗಳು ತಂತಿ ಬ್ರಷ್ ಅಥವಾ ನಾರಿನ ಚಕ್ರ ಹಿಡಿಯುತ್ತಾರೆ. ಬಿಳಿ ಹೊಳಪಿನ ಲೋಹ ಸುತ್ತಲೂ ಕಾಣುವವರೆಗೆ ಉಜ್ಜಬೇಕು. ಆಗ ತೂತು ನಿಜವಾಗಿ ಎಷ್ಟಿದೆ ಎಂದು ಗೊತ್ತಾಗುತ್ತದೆ. ಗಿರಾಕಿಗೆ ಬೇಸರವಾಗುವ ಗಳಿಗೆ ಇದು, ಏಕೆಂದರೆ ತಂದಾಗ ಇದ್ದದ್ದಕ್ಕಿಂತ ತೂತು ಈಗ ದೊಡ್ಡದು. ಆದರೆ ಅಷ್ಟೂ ಮೊದಲೇ ಇತ್ತು.

ಬೋಲ್ಟ್ ತೂತು ಆರೆಂಟು ಮಿಲಿಮೀಟರ್ ಇದ್ದು ಅಂಚು ಗಟ್ಟಿಯಾಗಿದ್ದರೆ ಕೆಲಸ ಹಗುರ. ಒಳಗಿನಿಂದ ಒಬ್ಬ ತಾಮ್ರದ ಪಟ್ಟಿಯೊಂದನ್ನು ತೂತಿಗೆ ಒತ್ತಿ ಹಿಡಿಯುತ್ತಾನೆ. ಚಪ್ಪಟೆ ಬಡಿದ ತಾಮ್ರದ ಪೈಪಿನ ತುಂಡಾದರೂ ಸರಿ. ಮೇಲಿನಿಂದ ಮೇಸ್ತ್ರಿ ಮಿಗ್ ವೆಲ್ಡಿಂಗಿನ ತಂತಿಯನ್ನು ಅಂಚಿಗೆ ಮುಟ್ಟಿಸಿ ಕ್ಷಣಮಾತ್ರ ಒತ್ತಿ ಬಿಡುತ್ತಾನೆ. ಒಂದು ಚುಕ್ಕೆ. ಮತ್ತೊಂದು ಕಡೆ ಇನ್ನೊಂದು. ತಾಮ್ರ ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ, ಉಕ್ಕು ಅದಕ್ಕೆ ಅಂಟುವುದಿಲ್ಲ. ಚುಕ್ಕೆಗಳು ಸುತ್ತಲಿಂದ ಕೂಡಿಬಂದು ತೂತು ತುಂಬಿದ ಮೇಲೆ ಪಟ್ಟಿ ಸುಲಭವಾಗಿ ಬಿಟ್ಟು ಬರುತ್ತದೆ, ಒಳಮೈ ಸಮತಟ್ಟಾಗಿರುತ್ತದೆ.

ತುಕ್ಕು ತಿಂದ ಜಾಗ ದೊಡ್ಡದಿದ್ದರೆ ಅದನ್ನು ಕತ್ತರಿಸಿ ತೆಗೆಯುವುದೇ ದಾರಿ. ಅದೇ ದಪ್ಪದ ತಗಡಿನಲ್ಲಿ, ಅದೇ ಬಾಗು ಬರುವಂತೆ ಅಡಿಗೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಕೊಟ್ಟು ಸುತ್ತಿಗೆಯಲ್ಲಿ ತಟ್ಟಿ, ಪ್ಯಾಚ್ ತಯಾರಿಸುತ್ತಾರೆ. ಮೂಲೆಗಳನ್ನು ಗುಂಡಗೆ ಮಾಡುತ್ತಾರೆ, ಚೂಪು ಮೂಲೆಯಿಂದ ಬಿರುಕು ಶುರುವಾಗುತ್ತದೆ. ಕೈಚಳಕ ಬೇಕಾಗುವುದು ಆಮೇಲೆ. ಟಾಪ್ ಹೆಚ್ಚುಕಡಿಮೆ ಚಪ್ಪಟೆಯಾದ, ಅಗಲವಾದ, ತೆಳು ತಗಡು. ಒಂದೇ ಎಳೆತಕ್ಕೆ ವೆಲ್ಡಿಂಗ್ ಎಳೆದರೆ ಬಿಸಿಗೆ ಹಿಗ್ಗಿದ ತಗಡು ತಣಿಯುವಾಗ ಸುತ್ತಲಿನದನ್ನು ಎಳೆದುಕೊಂಡು ಸೊಟ್ಟಗಾಗುತ್ತದೆ. ಬೆರಳಲ್ಲಿ ಒತ್ತಿದರೆ ‘ಟಪ್’ ಎಂದು ಒಳಹೋಗಿ ‘ಟಪ್’ ಎಂದು ಹೊರಬರುತ್ತದೆ. ಹಾಗಾದ ಟಾಪನ್ನು ಸರಿಮಾಡುವುದು ತೂತು ಮುಚ್ಚುವುದಕ್ಕಿಂತ ಕಷ್ಟ. ಹಳೆಯ ಗ್ಯಾಸ್ ವೆಲ್ಡಿಂಗಿನಲ್ಲಿ ಬಿಸಿ ಅಗಲಕ್ಕೆ ಹರಡುವುದರಿಂದ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಇಲ್ಲೊಂದು ಚುಕ್ಕೆ, ಎದುರು ಮೂಲೆಯಲ್ಲೊಂದು ಚುಕ್ಕೆ, ಗಾಳಿ ಹೊಡೆದು ತಣಿಸುವುದು, ಮತ್ತೊಂದು ಚುಕ್ಕೆ. ಮಧ್ಯೆ ಮಧ್ಯೆ ಮೇಸ್ತ್ರಿ ಅಂಗೈ ಇಟ್ಟು ಬಿಸಿ ನೋಡುತ್ತಾನೆ. ಕೈ ತಡೆಯದಷ್ಟು ಬಿಸಿ ಇದ್ದರೆ ಕಾಯುತ್ತಾನೆ. ಅಂಗೈ ಅಗಲದ ಪ್ಯಾಚಿಗೆ ಅರ್ಧ ದಿನ ಹಿಡಿದರೆ ಅದು ಸೋಮಾರಿತನವಲ್ಲ.

ಈ ಕೆಲಸದ ಅಪಾಯವನ್ನೂ ಹೇಳಲೇಬೇಕು. ಸತು ಲೇಪಿಸಿದ ತಗಡಿಗೆ ಬೆಸುಗೆ ಹಾಕುವಾಗ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ವೆಲ್ಡರುಗಳಲ್ಲಿದೆ, ಹಾಲು ಅದನ್ನು ತಡೆಯುವುದಿಲ್ಲ. ಬೇಕಾದದ್ದು ಗಾಳಿ ಆಡುವ ಜಾಗ ಮತ್ತು ಸರಿಯಾದ ಮಾಸ್ಕ್. ಗಟ್ಟಿಕಾರಕ ಬೆರೆಸುವ ಇಂದಿನ ಬಣ್ಣಗಳಲ್ಲಿರುವ ಐಸೊಸಯನೇಟ್ ಅಂತೂ ಕಾಯಂ ಆಸ್ತಮಾ ತರಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಸ್ಪ್ರೇ ಹಿಡಿಯುವ ಹುಡುಗರನ್ನು ನಮ್ಮ ಊರುಗಳಲ್ಲಿ ಇಂದಿಗೂ ಕಾಣುತ್ತೇವೆ. ಶಾಪಿನ ಯಜಮಾನರು ಮೊದಲು ಖರ್ಚು ಮಾಡಬೇಕಾದದ್ದು ಅಲ್ಲಿ.

ಬೆಂಕಿ ಬೇಡದ ದಾರಿ

ಎಲ್ಲ ತೂತಿಗೂ ವೆಲ್ಡಿಂಗ್ ಬೇಕೆಂದಿಲ್ಲ. ತಗಡನ್ನು ತಗಡಿಗೆ ಅಂಟಿಸುವ ಎಪಾಕ್ಸಿ ಅಂಟುಗಳಿವೆ, ಕೆಲವು ತಯಾರಕರು ಟಾಪ್ ಕೂರಿಸಲು ಅಂಥದ್ದನ್ನೇ ಬಳಸುತ್ತಾರೆ. ಒಳಗಿನಿಂದ ಸ್ವಲ್ಪ ದೊಡ್ಡ ಪ್ಯಾಚ್ ಇಟ್ಟು, ಎರಡೂ ಮೈ ಉಜ್ಜಿ, ಅಂಟು ಹಚ್ಚಿ, ಒತ್ತಿ ಹಿಡಿದು ಒಂದು ರಾತ್ರಿ ಬಿಟ್ಟರೆ ಬಿಸಿಯ ಗೊಡವೆಯಿಲ್ಲ, ಸತುವೂ ಉಳಿಯುತ್ತದೆ, ತಗಡೂ ಸೊಟ್ಟಗಾಗದು. ಮೇಲೆ ಉಳಿದ ತಗ್ಗಿಗೆ ತೆಳುವಾಗಿ ಪುಟ್ಟಿ. ಪುಟ್ಟಿಗೆ ಹೇಳಿಸಿದ ಜಾಗ ಅದೇ.

ತುಕ್ಕೇ ಹಿಡಿಯದ ಬೋಲ್ಟ್ ತೂತಿಗೆ ಇನ್ನೂ ಸರಳ ಉಪಾಯ: ಅಂಚಿಗೆ ಪ್ರೈಮರ್ ಮತ್ತು ಬಣ್ಣ ಮುಟ್ಟಿಸಿ, ಒಣಗಿದ ಮೇಲೆ ಅಳತೆಯ ರಬ್ಬರ್ ಬಿರಡೆಯನ್ನು ಪಾಲಿಯುರಿಥೇನ್ ಸೀಲೆಂಟಿನೊಂದಿಗೆ ಕೂರಿಸುವುದು. ನೋಡಲು ಚೆಂದವಿಲ್ಲ. ಬಾಡಿಗೆಗೆ ಓಡುವ ಗಾಡಿಗೆ, ನಾಳೆ ಮತ್ತೆ ಕ್ಯಾರಿಯರ್ ಕೂರಿಸಬೇಕಾದವರಿಗೆ ಇದು ಸಾಕು. ಅಲ್ಯೂಮಿನಿಯಂ ರಿವೆಟ್ ಹೊಡೆಯುವುದು ಮಾತ್ರ ಕರಾವಳಿಯಲ್ಲಿ ಬೇಡ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿ ರಿವೆಟ್ ಸಡಿಲಾಗುತ್ತದೆ.

ಬಣ್ಣ, ಮತ್ತು ಮರೆತುಹೋಗುವ ಒಳಮೈ

ಲೋಹ ಕೂಡಿಸಿದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ಬೆತ್ತಲೆ ತಗಡನ್ನು ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿ ಬಿಟ್ಟರೂ ಕೆಂಪು ಮೂಡುತ್ತದೆ. ಆಮೇಲೆ ಪುಟ್ಟಿ, 80ನೇ ನಂಬರಿನಿಂದ ಶುರುಮಾಡಿ 320ರವರೆಗೆ ಎಮರಿ ಉಜ್ಜುವುದು, ಮತ್ತೆ ಪ್ರೈಮರ್, ನೀರು ಹಾಕಿ ನುಣುಪು ಉಜ್ಜುವುದು, ಬಣ್ಣ, ಕ್ಲಿಯರ್. ಇದು ಪೇಂಟರುಗಳಿಗೆ ಕರತಲಾಮಲಕ. ಟಾಪಿನ ಎರಡು ಬದಿಗೆ ಬೀಡಿಂಗ್ ಇರುವ ಕಾರುಗಳಲ್ಲಿ ಒಂದು ಅನುಕೂಲವಿದೆ: ತೇಪೆ ಜಾಗಕ್ಕೆ ಮಾತ್ರ ಬಣ್ಣ ಹೊಡೆದು ಕಲೆ ಕಾಣಿಸಿಕೊಳ್ಳುವುದಕ್ಕಿಂತ ಬೀಡಿಂಗಿನಿಂದ ಬೀಡಿಂಗಿನವರೆಗೆ ಇಡೀ ಟಾಪಿಗೆ ಹೊಡೆದರೆ ಬಣ್ಣದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳದು.

ಹೊರಗೆ ಇಷ್ಟೆಲ್ಲ ಮಾಡಿ ಒಳಮೈ ಮರೆಯುವುದು ಸರ್ವೇಸಾಮಾನ್ಯ. ವೆಲ್ಡಿಂಗಿನ ಬಿಸಿಗೆ ಒಳಗಿನ ಕಾರ್ಖಾನೆ ಪ್ರೈಮರ್ ಸುಟ್ಟು ಕರಿಯಾಗಿರುತ್ತದೆ. ಅದನ್ನು ಉಜ್ಜಿ ಅಲ್ಲಿಗೂ ಎಪಾಕ್ಸಿ ಹಚ್ಚಿ, ಸಂದಿಗಳಿಗೆ ಮೇಣದ ದ್ರವ ಸಿಂಪಡಿಸದೆ ಒಳಚಾವಣಿ ಏರಿಸಿದರೆ ತುಕ್ಕು ಈ ಸಲ ಕೆಳಗಿನಿಂದ ಶುರುವಾಗುತ್ತದೆ. ಗಾಡಿ ಬಿಟ್ಟು ಮನೆಗೆ ಬರುವಾಗ ಮಾಲೀಕರು ಹೇಳಿ ಬರಬೇಕಾದ ಒಂದೇ ಮಾತಿದ್ದರೆ ಅದು ‘ಒಳಚಾವಣಿ ಹಾಕುವ ಮೊದಲು ನನಗೊಂದು ಫೋನ್ ಮಾಡಿ’ ಎಂಬುದು.

ಆ ಹೊತ್ತಿಗೇ ನೀರಿನ ಪರೀಕ್ಷೆಯೂ ಆಗಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಪೈಪಿನಿಂದ ನಿಧಾನಕ್ಕೆ, ಒಂದೊಂದೇ ಭಾಗಕ್ಕೆ ನೀರು ಬಿಡಬೇಕು. ಗಾಜಿನ ಅಂಚು ಮೊದಲು, ಕಾಲುವೆ ಆಮೇಲೆ, ತೇಪೆ ಕೊನೆಗೆ. ಒಟ್ಟಿಗೆ ಎಲ್ಲ ಕಡೆ ನೀರು ಸುರಿದರೆ ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಸನ್‌ರೂಫ್ ಇರುವ ಕಾರಾದರೆ ಅದರ ನಾಲ್ಕು ಮೂಲೆಯ ಪುಟ್ಟ ಪೈಪುಗಳಲ್ಲಿ ಕಸ ಕಟ್ಟಿರುವುದೇ ಸೋರಿಕೆಗೆ ಕಾರಣವಾಗಿರಬಹುದು. ಆಗ ತಗಡಿನ ಕೆಲಸವೇ ಬೇಡ.

ಕಾಲುವೆಯ ತುಕ್ಕು

ಟಾಪಿನ ನಡುವಿನ ತೂತು ಎಷ್ಟೇ ಕೆಟ್ಟದಾಗಿ ಕಂಡರೂ ಗಾಡಿಯ ಬಲಕ್ಕೆ ಅದರಿಂದ ದೊಡ್ಡ ಧಕ್ಕೆಯಿಲ್ಲ. ಗಾಡಿ ಪಲ್ಟಿಯಾದಾಗ ಭಾರ ಹೊರುವುದು ಬದಿಯ ಉದ್ದ ಪಟ್ಟಿಗಳು, ಕಂಬಗಳು ಮತ್ತು ಅಡ್ಡಪಟ್ಟಿಗಳು. ನಿಜಕ್ಕೂ ಹೆದರಬೇಕಾದದ್ದು ಬೀಡಿಂಗಿನಡಿಯ ಕಾಲುವೆಯ ತುಕ್ಕಿಗೆ. ಟಾಪಿನ ತಗಡು ಮತ್ತು ಬದಿಯ ತಗಡು ಅಲ್ಲಿ ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡಿಂಗಿನಲ್ಲಿ ಸೇರಿರುತ್ತವೆ, ನಡುವಿನ ಸಂದಿಗೆ ಸೀಲೆಂಟ್ ಎಳೆದಿರುತ್ತಾರೆ. ಸೀಲೆಂಟ್ ಬಿರಿದು ನೀರು ಇಳಿದರೆ ತುಕ್ಕು ಎರಡು ತಗಡಿನ ನಡುವೆ, ಬ್ರಷ್ ಹೋಗದ ಜಾಗದಲ್ಲಿ ಬೆಳೆಯುತ್ತದೆ.

ಅಲ್ಲಿ ಕೈಮೀರಿದ್ದರೆ ಇಡೀ ಟಾಪ್ ಬದಲಿ. ಎದುರಿಂದಲೋ ಹಿಂದಿನಿಂದಲೋ ಗುದ್ದಿಸಿಕೊಂಡು ಗುಜರಿ ಸೇರಿದ ಕಾರುಗಳ ಟಾಪ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯಂಥ ಕಡೆ ಹುಡುಕಿದರೆ ಅದೇ ಮಾದರಿಯದು ಸಿಗುತ್ತದೆ. ಮುಂದಿನ ಹಿಂದಿನ ಗಾಜು ಇಳಿಸಿ, ಒಂದೊಂದೇ ಸ್ಪಾಟ್ ವೆಲ್ಡ್ ಕೊರೆದು ಹಳೆಯದನ್ನು ಬಿಡಿಸಿ, ಹೊಸದನ್ನು ಅಳತೆ ನೋಡಿ ಕೂರಿಸುವುದು ದೊಡ್ಡ ಕೆಲಸ. ತುಕ್ಕು ಕಂಬದೊಳಕ್ಕೂ ಇಳಿದಿದ್ದರೆ ಅಷ್ಟು ಖರ್ಚು ಹಳೆ ಕಾರಿಗೆ ತಕ್ಕುದಲ್ಲ.

ಕೈ ಬದಲಾಗುವ ಮುನ್ನ

ಕೊಳ್ಳುವವರು ಬೆಳಗಿನ ಓರೆ ಬಿಸಿಲಿನಲ್ಲಿ ಸ್ಟೂಲ್ ಹಾಕಿ ಟಾಪ್ ನೋಡಬೇಕು, ಅಂಗೈ ಸವರಬೇಕು. ತೆಳು ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ಇಟ್ಟರೆ ಪುಟ್ಟಿ ದಪ್ಪಗಿರುವಲ್ಲಿ ಅದು ಹಿಡಿಯುವುದಿಲ್ಲ. ಬಣ್ಣದ ದಪ್ಪ ಅಳೆಯುವ ಉಪಕರಣ ಇದ್ದರೆ ಇನ್ನೂ ಸ್ಪಷ್ಟ: ಉಳಿದ ಕಡೆ 110 ಮೈಕ್ರಾನ್ ತೋರಿಸಿದ್ದು ಒಂದು ಜಾಗದಲ್ಲಿ 1,000 ದಾಟಿದರೆ ಅಡಿಯಲ್ಲಿ ಪುಟ್ಟಿಯಿದೆ. ಬೀಡಿಂಗನ್ನು ತುದಿಯಲ್ಲಿ ಸ್ವಲ್ಪ ಎತ್ತಿ ಕಾಲುವೆ ನೋಡಲು ಮಾರುವವರ ಒಪ್ಪಿಗೆ ಕೇಳುವುದರಲ್ಲಿ ಸಂಕೋಚ ಬೇಡ. ಸೀಟಿನ ಬೋಲ್ಟ್‌ಗಳು ತುಕ್ಕು ಹಿಡಿದಿದ್ದರೆ, ಸ್ಟೆಪ್ನಿಯ ಗುಂಡಿಯಲ್ಲಿ ನೀರಿನ ಕಲೆಯಿದ್ದರೆ, ಮೇಲಿನಿಂದಲೋ ಕೆಳಗಿನಿಂದಲೋ ನೀರು ಹೊಕ್ಕಿದೆ. ಬಿಳಿ ಬೋರ್ಡಿನ ಗಾಡಿ ಹಿಂದೆ ಹಳದಿ ಬೋರ್ಡಾಗಿತ್ತೇ ಎಂಬುದು ಆರ್‌ಟಿಒ ದಾಖಲೆಯಲ್ಲಿ ಸಿಗುತ್ತದೆ.

ಕಾನೂನಿನ ಮಾತೂ ಒಂದಿದೆ. ಇದ್ದ ಟಾಪನ್ನು ಇದ್ದಂತೆ ರಿಪೇರಿ ಮಾಡುವುದಕ್ಕೆ ಅಡ್ಡಿಯಿಲ್ಲ. ಹೇಗೂ ತೂತಾಗಿದೆ, ಅಲ್ಲೇ ಸನ್‌ರೂಫ್ ಕೊರೆಸೋಣ ಎಂಬ ಆಲೋಚನೆ ಮಾತ್ರ ತೊಂದರೆಗೆ ದಾರಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಇನ್ನು ವಿಮೆ: ತೆಂಗಿನಕಾಯಿ ಬಿದ್ದು ಟಾಪ್ ಜಜ್ಜಿದರೆ ಪೂರ್ಣ ವಿಮೆಯಲ್ಲಿ ಪರಿಹಾರ ಕೇಳಬಹುದು, ವರ್ಷಗಟ್ಟಲೆ ಹಿಡಿದ ತುಕ್ಕು ಸವೆತದ ಲೆಕ್ಕಕ್ಕೆ ಹೋಗುತ್ತದೆ. ಕಾಯಿ ಬಿದ್ದಲ್ಲಿ ಬಣ್ಣ ಸೀಳಿದ್ದರೆ ಆ ವಾರವೇ ಸರಿಮಾಡಿಸಿಕೊಳ್ಳಲು ಇದೂ ಒಂದು ಕಾರಣ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದ ಮೇಲೆ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅಲ್ಲಿಯವರೆಗೆ ಗಾಡಿ ಇಟ್ಟುಕೊಳ್ಳುವವರಿರಲಿ, ಎರಡು ವರ್ಷದಲ್ಲಿ ಮಾರುವವರಿರಲಿ, ಟಾಪಿನ ಕೆಲಸ ನಡೆದಾಗ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು: ಬೆತ್ತಲೆ ತಗಡು, ಕೂರಿಸಿದ ಪ್ಯಾಚ್, ಪ್ರೈಮರ್ ಹಚ್ಚಿದ ಒಳಮೈ. ಮುಂದೆ ಕೊಳ್ಳಲು ಬಂದವರು ಮ್ಯಾಗ್ನೆಟ್ ಹಿಡಿದು ಟಾಪ್ ಹತ್ತಿದಾಗ ಆ ಮೂರು ಫೋಟೊ ತೋರಿಸಿದರೆ ಬೆಲೆ ಕಡಿತದ ಮಾತು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.